ಎಡಗೈಯವರ ಬಲಗಾಲು

ಎಡಗೈ ಬಾಕ್ಸರ್‌ಗಳಲ್ಲಿ ಯಾರು ದೊಡ್ಡವರು ಎಂಬ ಮಾತು ಬಂದಾಗ ಎಲ್ಲರೂ ಎಡಗೈಯನ್ನೇ ಹೊಗಳುತ್ತಾರೆ. ಬಲಗಾಲನ್ನು ಕೇಳುವವರೇ ಇಲ್ಲ.

ಸೌತ್‌ಪಾ ಅಂದರೆ ಎಡಗೈಯವರ ನಿಲುವಿನಲ್ಲಿ ಬಲಗೈ, ಬಲಗಾಲು ಮುಂದೆ. ಬಲವಾದ ಎಡಗೈ ಹಿಂದೆ. ಎದುರಿಗಿರುವವನು ಬಲಗೈಯವರಂತೆ ಎಡಗಾಲು ಮುಂದಿಟ್ಟು ನಿಂತಿದ್ದರೆ ಇಬ್ಬರ ಪಾದಗಳೂ ಒಂದೇ ಜಾಗಕ್ಕೆ ಕಿತ್ತಾಡುತ್ತವೆ. ಸೌತ್‌ಪಾ ತನ್ನ ಬಲಪಾದವನ್ನು ಅವನ ಎಡಪಾದದ ಹೊರಗೆ ಊರಿದರೆ ಎಡಗೈ ಪಂಚ್ ಅವನ ಗಾರ್ಡಿನ (ಮುಖಕ್ಕೆ ಅಡ್ಡ ಹಿಡಿದ ಕೈಗಳ) ನಡುವೆ ನೇರ ನುಗ್ಗುತ್ತದೆ, ತಲೆಯೂ ಅವನ ಬಲಗೈಯ ದಾರಿಯಿಂದ ಆಚೆಗಿರುತ್ತದೆ. ಪಾದ ಒಳಗೆ ಬಿತ್ತೋ, ಆ ಬಲಗೈಗೆ ಮುಖ ಕೊಟ್ಟು ನಿಂತ ಹಾಗೆಯೇ. ಕಾಲು ತೊಡರುವುದು, ತಲೆಗೆ ತಲೆ ಬಡಿದು ಹುಬ್ಬು ಸೀಳುವುದು ಬೇರೆ.

1994ರ ಏಪ್ರಿಲ್‌ನಲ್ಲಿ ಹೋಲಿಫೀಲ್ಡ್‌ನನ್ನು ಸೋಲಿಸಿದ ಮೈಕೆಲ್ ಮೂರರ್ ಹೆವಿವೇಟ್‌ನ ಮೊದಲ ಸೌತ್‌ಪಾ ಚಾಂಪಿಯನ್. ನವೆಂಬರ್‌ನಲ್ಲಿ 45 ವರ್ಷದ ಜಾರ್ಜ್ ಫೋರ್‌ಮನ್ ಎದುರು ಅಂಕಗಳಲ್ಲಿ ಮುಂದಿದ್ದ. ಆದರೆ ಹೊರಗೆ ಸರಿಯದೆ ಎದುರಿಗೇ ನಿಂತ. 10ನೇ ಸುತ್ತಿನಲ್ಲಿ ಫೋರ್‌ಮನ್‌ನ ಒಂದು ಜ್ಯಾಬ್ (ಮುಂದಿನ ಕೈಯ ನೇರ ಪಂಚ್), ಬೆನ್ನಿಗೇ ಬಲಗೈ, ಮುಗಿಯಿತು.

ಈ ಪಾದದ ಲೆಕ್ಕದಲ್ಲಿ ಸೌತ್‌ಪಾ ಪರ್ನೆಲ್ ವಿಟೇಕರ್‌ಗೇ ನನ್ನ ಮೊದಲ ಮಣೆ. ಇನ್ನೊಬ್ಬ ಸೌತ್‌ಪಾ ಪ್ಯಾಕಿಯಾವೊ ಎಂಟು ತೂಕ ವಿಭಾಗಗಳಲ್ಲಿ ಗೆದ್ದವನು, ಒಪ್ಪೋಣ. ಅವನ ಗುಟ್ಟು ವೇಗ. ವಿಟೇಕರ್ ಮಂಡಿ ಮಡಿಸಿ, ಸೊಂಟ ಬಾಗಿಸಿ, ಎದುರಾಳಿಯ ಕೈಗೆ ಎಟುಕುವಷ್ಟು ಹತ್ತಿರವೇ ನಿಂತು ತಪ್ಪಿಸಿಕೊಳ್ಳುತ್ತಿದ್ದ. ಲಿವರ್ ಇರುವುದು ಬಲಗಡೆ, ಸೌತ್‌ಪಾ ಮುಂದೊಡ್ಡುವುದೂ ಬಲಮಗ್ಗುಲನ್ನೇ. ಬಲಮೊಣಕೈ ಪಕ್ಕೆ ಬಿಟ್ಟು ಕದಲಿದರೆ ಎದುರಾಳಿಯ ಎಡಗೈ ಹುಕ್ (ಪಕ್ಕದಿಂದ ಬೀಸುವ ಪಂಚ್) ಅಲ್ಲಿಗೇ ಬೀಳುತ್ತದೆ, ಉಸಿರು ಕಟ್ಟಿ ಮಂಡಿಯೂರಬೇಕಾಗುತ್ತದೆ. ಆ ಹುಕ್‌ಗೇ ಹೆಸರಾದ, 87 ಪಂದ್ಯ ಸೋಲದೆ ಬಂದಿದ್ದ ಚಾವೆಜ್‌ನನ್ನು 1993ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ವಿಟೇಕರ್ ಮೈಗೆ ಮೈ ತಾಗಿಸಿಯೇ ಎದುರಿಸಿದ. ತೀರ್ಪುಗಾರರು ಡ್ರಾ ಎಂದರು. ನೋಡಿದವರಲ್ಲಿ ಹೆಚ್ಚಿನವರಿಗೆ ಅದು ಇಂದಿಗೂ ಅರಗಿಲ್ಲ.

ಎಡಚರಾಗಿ ಹುಟ್ಟಿಯೂ ಬಲಗೈಯವರಂತೆ ನಿಂತವರು ಡೆ ಲಾ ಹೋಯ, ಕೋಟೊ. ಬಲವಾದ ಕೈ ಮುಂದೆ ಬಂದು ಜ್ಯಾಬ್, ಹುಕ್ ಎರಡಕ್ಕೂ ತೂಕ ಸಿಕ್ಕಿತು. ಆದರೂ 2008ರಲ್ಲಿ ಪ್ಯಾಕಿಯಾವೊನ ಎಡಗೈ ತಿಂದು ತಿಂದು ಡೆ ಲಾ ಹೋಯ 9ನೇ ಸುತ್ತಿಗೆ ಸ್ಟೂಲಿನಿಂದ ಏಳಲಿಲ್ಲ.

ಎರಡೂ ನಿಲುವು ಬಲ್ಲವನು ಮಾರ್ವಿನ್ ಹ್ಯಾಗ್ಲರ್. 1980ರಲ್ಲಿ ತನ್ನಂತೆಯೇ ಸೌತ್‌ಪಾ ಆಗಿದ್ದ ಮಿಂಟರ್‌ನನ್ನು ಲಂಡನ್‌ನಲ್ಲಿ ಮೂರೇ ಸುತ್ತಿಗೆ ಮುಗಿಸಿದ. ಅದೇ ಜಾಣ 1987ರಲ್ಲಿ ಲೆನಾರ್ಡ್ ಎದುರು ಎಡಗಾಲು ಮುಂದಿಟ್ಟು ಶುರುಮಾಡಿ, ಮೊದಲ ಸುತ್ತುಗಳನ್ನು ಸುಮ್ಮನೆ ಕೈಚೆಲ್ಲಿದ. ಮೂವರು ತೀರ್ಪುಗಾರರಲ್ಲಿ ಇಬ್ಬರು ಲೆನಾರ್ಡ್ ಕಡೆಗಾದರು. ಹ್ಯಾಗ್ಲರ್ ಮತ್ತೆ ರಿಂಗಿಗೆ ಇಳಿಯಲೇ ಇಲ್ಲ.