ಕಲಿಸದ ಕಲೆಗೆ ಪ್ರಥಮ ಬಹುಮಾನ

ಪ್ರತಿಭಾ ಕಾರಂಜಿಯ ಕಾಲ ಮತ್ತೆ ಬಂದಿದೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಹಂತಹಂತವಾಗಿ ನಮ್ಮ ಮಕ್ಕಳು ಹಾಡಬೇಕು, ಕೋಲಾಟವಾಡಬೇಕು, ಜೇಡಿಮಣ್ಣಿನಲ್ಲಿ ಮೂರ್ತಿ ಮಾಡಬೇಕು, ಛದ್ಮವೇಷ ಧರಿಸಬೇಕು. ಇವುಗಳಲ್ಲಿ ಒಂದನ್ನಾದರೂ ಯಾರಾದರೂ ಅವರಿಗೆ ಕಲಿಸಿರಬೇಕೆಂಬ ನಿಯಮ ಮಾತ್ರ ಇಲ್ಲ. ಗಣಿತ ಕಲಿಸದೆ ಗಣಿತದ ಪರೀಕ್ಷೆ ನಡೆಸಿದರೆ ಪೋಷಕರು ಶಾಲೆಯ ಗೇಟಿಗೆ ಬೀಗ ಜಡಿಯುತ್ತಾರೆ. ಸಂಗೀತ ಕಲಿಸದೆ ಸಂಗೀತ ಸ್ಪರ್ಧೆ ನಡೆಸಿದರೆ ಅದೇ ಪೋಷಕರು ಅತಿಥಿಗಳಿಗೆ ಹಾರ ಹಾಕಿ ಚಪ್ಪಾಳೆ ತಟ್ಟುತ್ತಾರೆ.

ಹಾಗೆಂದು ಕಾನೂನನ್ನು ದೂರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕಲಾ ಶಿಕ್ಷಣದ ಬೋಧಕರಿರಬೇಕೆಂದು ಸ್ಪಷ್ಟವಾಗಿಯೇ ಹೇಳಿದೆ. ಅರೆಕಾಲಿಕ ಬೋಧಕರು, ಅದೂ ದಾಖಲಾತಿ 100ನ್ನು ದಾಟಿದ್ದರೆ. ನೂರನೆಯ ಮಗುವಿನವರೆಗೆ ಯಾರಿಗೂ ಬಣ್ಣ ಕಾಣಿಸುವುದಿಲ್ಲ, ನೂರ ಒಂದನೆಯದು ಸೇರಿದ ಬೆಳಗ್ಗೆ ಇಡೀ ಶಾಲೆಗೆ ಕಣ್ಣು ಬರುತ್ತದೆ ಎಂಬ ಈ ಮನಶ್ಶಾಸ್ತ್ರವನ್ನು ಕಂಡುಹಿಡಿದವರಿಗೆ ನಮಸ್ಕಾರ. ನಮ್ಮ ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ನೂರು ಮಕ್ಕಳನ್ನು ಒಟ್ಟಿಗೆ ಕಾಣುವುದೇ ಅಪರೂಪವಾದ್ದರಿಂದ ಖಜಾನೆಗೂ ಹೊರೆಯಿಲ್ಲ. ಹತ್ತನೆಯ ತರಗತಿಯವರೆಗೆ ಕಲೆ ಒಂದು ವಿಷಯವಾಗಿಯೇ ಇರಲಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಪಠ್ಯ ಮತ್ತು ಪಠ್ಯೇತರದ ನಡುವೆ ಗೋಡೆ ಬೇಡವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಹೇಳುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ.

ಚಿತ್ರಕಲಾ ಸ್ಪರ್ಧೆಯನ್ನು ಒಮ್ಮೆ ಹೋಗಿ ನೋಡಬೇಕು. ವಿಷಯ ಪರಿಸರ ಸಂರಕ್ಷಣೆಯಿರಲಿ, ಸ್ವಾತಂತ್ರ್ಯೋತ್ಸವವಿರಲಿ, ಹಾಳೆಯ ಮೇಲೆ ಮೂಡುವುದು ಎರಡು ತ್ರಿಕೋನ ಬೆಟ್ಟ, ನಡುವೆ ಅರ್ಧ ಸೂರ್ಯ, ಅಂಕುಡೊಂಕಾಗಿ ಇಳಿದು ಬರುವ ಹೊಳೆ, ದಡದಲ್ಲೊಂದು ಹೆಂಚಿನ ಮನೆ, ಪಕ್ಕದಲ್ಲಿ ವಾಲಿದ ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ಕಣ್ಣು ಹಾಯಿಸಿದಷ್ಟು ದೂರ ದಿಬ್ಬವೂ ಕಾಣದ ವಿಜಯಪುರದ ಎರೆಭೂಮಿಯ ಹುಡುಗನೂ, ಬೆಟ್ಟದ ಹೊರತು ಬೇರೇನೂ ಕಾಣದ ಮಡಿಕೇರಿಯ ಹುಡುಗಿಯೂ ಇದೇ ಬೆಟ್ಟವನ್ನು, ಇದೇ ಕಂದು ಬಣ್ಣದಲ್ಲಿ ಬರೆಯುತ್ತಾರೆ. 1956ರಲ್ಲಿ ನಕ್ಷೆಯ ಮೇಲೆ ನಡೆದ ಕರ್ನಾಟಕ ಏಕೀಕರಣವನ್ನು ಡ್ರಾಯಿಂಗ್ ಹಾಳೆಯ ಮೇಲೆ ಪೂರ್ಣಗೊಳಿಸಿದ ಕೀರ್ತಿ ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಗಳಿಗೆ ಸಲ್ಲಬೇಕು. ಈ ಬೆಟ್ಟ ಬಿಡು, ನಿನ್ನ ಮನೆಯ ಮುಂದೆ ಏನಿದೆಯೋ ನೋಡಿಕೊಂಡು ಬಂದು ಅದನ್ನು ಬರೆ ಎಂದು ಹೇಳಲು ಒಬ್ಬ ಮೇಷ್ಟ್ರು ಬೇಕಾಗುತ್ತದೆ.

ಮೇಷ್ಟ್ರಿರುವ ಕಡೆ ಅವರನ್ನು ಸುಮ್ಮನೆ ಕೂರಿಸಿಲ್ಲ. ಸ್ವಾಗತ ಫಲಕ ಬರೆಯುವವರು ಅವರೇ, ಸಾಧಕರ ಪಟ್ಟಿಗೆ ಬಣ್ಣ ತುಂಬುವವರೂ ಅವರೇ. ಜನವರಿಯ ನಂತರ ಅವರ ಅವಧಿಯನ್ನು ಎಸ್ಸೆಸ್ಸೆಲ್ಸಿಯ ವಿಶೇಷ ತರಗತಿಗೆ ಬಿಟ್ಟುಕೊಡುವವರೂ ಅವರೇ. ಕೆಲವು ಪ್ರೌಢಶಾಲೆಗಳಿಗೆ ಹಿಂದೊಮ್ಮೆ ನಾಟಕ ಶಿಕ್ಷಕರನ್ನು ನೇಮಿಸಿದ್ದರು. ಉಳಿದ ಸಾವಿರಾರು ಶಾಲೆಗಳಲ್ಲಿ ವಿಜ್ಞಾನದ ಮೇಡಂ ಮೊಬೈಲ್ ಹಿಡಿದು, ಯೂಟ್ಯೂಬ್ ನೋಡಿಕೊಂಡು ಕೋಲಾಟ ಕಲಿಸುತ್ತಾರೆ.

ಕಲೆಯಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವ ಮಹನೀಯರ ಮಕ್ಕಳು ಸಂಜೆ ಐದಕ್ಕೆ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ವೀಣೆಯ ಮುಂದೆ ಕುಳಿತಿರುತ್ತಾರೆ. ಅವರ ಹೊಟ್ಟೆಯ ಬಗ್ಗೆ ಯಾರೂ ಕೇಳುವುದಿಲ್ಲ. ಕೂಲಿಯವರ ಮಗಳು ಹಾಡಲು ಹೊರಟಾಗ ಮಾತ್ರ ರಾಜ್ಯದ ಹಣಕಾಸಿನ ಸ್ಥಿತಿ ನೆನಪಾಗುತ್ತದೆ. ಹಣವಿಲ್ಲವೆನ್ನುವುದು ಸುಳ್ಳು. ಉತ್ಸವಗಳ ವೇದಿಕೆಗೆ ಮುಂಬಯಿಯ ಗಾಯಕರನ್ನು ಕರೆಸಲು ಹಣವಿದೆ, ದೀಪಾಲಂಕಾರಕ್ಕೆ ಹಣವಿದೆ, ಶಾಲು ಹಾರಗಳಿಗೆ ಹಣವಿದೆ. ಈ ಮಾತನ್ನು ವರ್ಷವರ್ಷವೂ ಬರೆದು ಸಾಕಾಗಿದೆ.

ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳೆಂದು ಕರೆದು, ಹಲವೆಡೆ ಗೋಡೆಗೆ ಚಿತ್ರ ಬರೆಸಿ ಮಕ್ಕಳನ್ನು ಕರೆತಂದದ್ದು ಒಳ್ಳೆಯ ಕೆಲಸ. ಶಾಲೆ ಬಿಟ್ಟ ಮೇಲೆ ಅಲ್ಲಿ ಎರಡು ಗಂಟೆ ಕುಳಿತು ಡೊಳ್ಳನ್ನೋ ತತ್ವಪದವನ್ನೋ ಹೇಳಿಕೊಡಬಲ್ಲವರು ಎಷ್ಟೋ ಊರುಗಳಲ್ಲಿ ಇಂದಿಗೂ ಇದ್ದಾರೆ. ಅಂಥವರು ಮುದುಕರಾದ ಮೇಲೆ ಮಾಸಾಶನ ಕೊಡುವ ಸರ್ಕಾರ, ಕೈಯಲ್ಲಿ ಕಸುವಿರುವಾಗ ಕಲಿಸುವುದಕ್ಕೆ ಸಂಭಾವನೆ ಕೊಡಲೊಲ್ಲದು. ಮೂರ್ನಾಲ್ಕು ಸಣ್ಣ ಶಾಲೆಗಳಿಗೆ ಸೇರಿ ಒಬ್ಬ ಕಲಾ ಬೋಧಕರನ್ನು ನೇಮಿಸಿದರೂ ಸಾಕಿತ್ತು. ಕಾಯ್ದೆ ಕೇಂದ್ರದ್ದೆಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ನೂರಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ಬೋಧಕರನ್ನು ಕೊಡಕೂಡದೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ.