ಭಾವನಿಗಿಂತ ಮೊದಲು ಹಲಸಿನಹಣ್ಣು ಒಳಗೆ ಬಂತು

ನಮ್ಮ ತೀರ್ಥಹಳ್ಳಿ ಕಡೆ ಯಾರೂ ಸೀದಾ ಮನೆಯೊಳಗೆ ಬರುವುದಿಲ್ಲ. ಅಂಗಳ ದಾಟಿ, ಜಗಲಿ ಹತ್ತಿ, ಕವಳದ (ಎಲೆಅಡಿಕೆಯ) ಬಟ್ಟಲು ಎಳೆದುಕೊಂಡು ಕೂತ ಮೇಲೆ ಬೇಕಾದರೆ ನಡುಮನೆ. ಹಾಗಾಗಿ ನೀರು ಸೋರುವ ಕೊಡೆ, ಗದ್ದೆಯ ಕೆಸರು, ತೋಟದ ದರಗು, ರಕ್ತ ಕುಡಿದು ಉಬ್ಬಿದ ಇಂಬಳ, ಎಲ್ಲ ಮೊದಲು ಇಳಿಯುವುದು ಜಗಲಿಯಲ್ಲೇ. ಇಂಥ ಜಾಗಕ್ಕೆ ನಾನು ಹಾಕಿಸಿದ್ದು ಕೆನೆಬಣ್ಣದ, ಮುಖ ನೋಡಿಕೊಳ್ಳಬಹುದಾದ ಟೈಲ್ಸ್.

ಮೊದಲಿದ್ದದ್ದು ಅಜ್ಜನ ಕಾಲದ ಕಾವಿ ನೆಲ. ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ, ಕರಣೆಯಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ್ದು. ಅದರ ಫೋಟೊ ನೋಡಿ ‘ವಾವ್’ ಅನ್ನುವ ಬೆಂಗಳೂರಿನವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಒದ್ದೆಯಾದರೆ ಅದೂ ಜಾರುತ್ತದೆ. ಬಿರುಕು ಬಿಟ್ಟಲ್ಲಿ ತೇಪೆ ಹಾಕಿದರೆ ಹಳೇ ಕೆಂಪಿಗೂ ಹೊಸ ಕೆಂಪಿಗೂ ಜನ್ಮದಲ್ಲಿ ಹೊಂದುವುದಿಲ್ಲ. ನಮ್ಮ ಜಗಲಿಯಲ್ಲಿ ತೇಪೆಗಳೇ ಹೆಚ್ಚಾಗಿ, ನೆಲ ಯಾವುದು ತೇಪೆ ಯಾವುದು ಅಂತ ಗೊತ್ತಾಗದ ಸ್ಥಿತಿ ಬಂದಿತ್ತು.

ಶಿವಮೊಗ್ಗದ ಅಂಗಡಿಗೆ ನಾನೂ ಅಪ್ಪಯ್ಯನೂ ಹೋದೆವು. ಹುಡುಗ ಬಹಳ ಉಮೇದಿನಿಂದ, “ಇದು ವಿಟ್ರಿಫೈಡ್ ಸಾರ್, ಅರ್ಧ ಪರ್ಸೆಂಟ್‌ಗಿಂತ ಜಾಸ್ತಿ ನೀರು ಕುಡಿಯಲ್ಲ” ಅಂದ. ಮಾತು ನಿಜವೇ. ಆದರೆ ಅದು ಕುಡಿಯದೆ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಅಪ್ಪಯ್ಯ ಮಾತ್ರ, “ಒಂದು ಚೊಂಬು ನೀರು ತರ್ಸಾ, ಇದ್ರ ಮೇಲೆ ಹೊಯ್ದು ನಿಂತು ನೋಡಾಣ” ಅಂದರು. ಎ.ಸಿ. ಅಂಗಡಿಯಲ್ಲಿ ಪಂಚೆ ಎತ್ತಿ ಕಟ್ಟಿ ನಿಂತ ಅಪ್ಪಯ್ಯನನ್ನು ನೋಡಿ ನನಗೆ ಮರ್ಯಾದೆ ಹೋದ ಹಾಗಾಯಿತು. “ಸುಮ್ನಿರಿ ಅಪ್ಪಯ್ಯ” ಅಂದು ಕೆನೆಬಣ್ಣಕ್ಕೆ ಅಡ್ವಾನ್ಸ್ ಕೊಟ್ಟೆ.

ಬೇಸಿಗೆ ಕಳೆಯುವವರೆಗೆ ನಮ್ಮ ಜಗಲಿಯೇ ಜಗಲಿ. ಊರವರು ಬಂದು ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಬಗ್ಗಿ ನೋಡಿ ಹೋದರು. ಆಮೇಲೆ ಆರಿದ್ರಾ ಮಳೆ ಹಿಡಿಯಿತು. ನಮ್ಮದು ಆಗುಂಬೆಯ ದಿಕ್ಕಿನ ಊರು. ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬೀಳುವ ಊರಿನ ನೆರೆಹೊರೆಯಲ್ಲಿದ್ದೂ ನಾನು ಟೈಲ್ಸ್ ಆರಿಸಿದ್ದು ಏಪ್ರಿಲ್ ಬಿಸಿಲಲ್ಲಿ.

ಮೊದಲು ಸೋತವನು ನಾಯಿ ಕಾಳ. ಜಗಲಿಗೆ ಹಾರಿದವನು ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋಗಿ, ಹೊಟ್ಟೆಯ ಮೇಲೆ ತೇಲುತ್ತಾ ಕಂಬದ ತನಕ ಬಂದ. ಎದ್ದು, ಯಾರೂ ನೋಡಲಿಲ್ಲ ಎಂಬಂತೆ ಮುಖ ಮಾಡಿ ಕೊಟ್ಟಿಗೆಗೆ ಹೋದವನು ಮಳೆಗಾಲ ಪೂರ್ತಿ ಅಲ್ಲೇ ಇದ್ದ.

ಎರಡನೆಯವರು ಕೊಪ್ಪದ ಭಾವ. ಹೆಗಲ ಮೇಲೆ ಹಲಸಿನಹಣ್ಣು ಹೊತ್ತುಕೊಂಡು “ಎಂತ ಮಾರಾಯ್ತಿ, ಎಲ್ಲಿದೀರಿ” ಅಂತ ಅಕ್ಕನನ್ನು ಕರೆಯುತ್ತಾ ಮೆಟ್ಟಿಲು ಹತ್ತಿದರು. ‘ಎಲ್ಲಿದೀರಿ’ಗೂ ಮುಂದಿನ ಮಾತಿಗೂ ನಡುವೆ ಒಂದು ಸದ್ದು ಕೇಳಿತು. ಭಾವನಿಗಿಂತ ಮೊದಲು ಹಲಸಿನಹಣ್ಣು ಹೊಸಿಲು ದಾಟಿ ನಡುಮನೆಗೆ ಬಂದು ಬಿರಿಯಿತು. ಭಾವ ಜಗಲಿಯಲ್ಲೇ ಕೂತಿದ್ದರು, ಕೂರುವ ಉದ್ದೇಶವಿಲ್ಲದೆ. ಪೆಟ್ಟೇನೂ ಆಗಿರಲಿಲ್ಲ. ಆದರೆ ಅಳಿಯನ ಗತ್ತಿಗೆ ಆದ ಪೆಟ್ಟು ಹೋಳಿಗೆ ಮಾಡಿದ ಮೇಲೂ ಇಳಿಯಲಿಲ್ಲ.

ನೆಲವೆಲ್ಲ ಹಲಸಿನ ಮೇಣ. ಮೇಣಕ್ಕೆ ಕೊಬ್ಬರಿ ಎಣ್ಣೆಯೇ ಮದ್ದು ಅಂತ ಗೊತ್ತಿದ್ದ ನಾನು ಧಾರಾಳವಾಗಿ ಹಾಕಿ ತಿಕ್ಕಿದೆ. ಮೇಣ ಹೋಯಿತು. ಸಂಜೆ ಕರೆಂಟೂ ಹೋಯಿತು. ಟಾರ್ಚ್ ಹುಡುಕಲು ಹೊರಟವನು ಮೂರನೆಯವನಾದೆ.

ಮಾರನೇ ದಿನ ಅಮ್ಮ ಮಾತಿಲ್ಲದೆ ಅಡಿಕೆ ಗೋಣಿಚೀಲ ಬಿಚ್ಚಿ ಹಾಸಿದರು. ಒಂದು, ಎರಡು, ಕೊನೆಗೆ ಹನ್ನೊಂದು. ಅಡಿಕೆ ಕೊಯ್ಲಿನ ಹೊತ್ತಿಗೆ ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರಿನ) ಪಾತ್ರೆ ಮಗುಚಿ, ಟೈಲ್ಸ್ ಸಂದಿಯಲ್ಲಿ ತುಂಬಿದ್ದ ಬಿಳಿ ಸಿಮೆಂಟು ಕವಳ ಹಾಕಿದವನ ಹಲ್ಲಿನ ಹಾಗಾಯಿತು. ಸಂದಿಗೆ ಸಿಮೆಂಟಿನ ಬದಲು ಎಪಾಕ್ಸಿ ಅನ್ನುವ ರಾಳ ತುಂಬಿಸಿದ್ದರೆ ಕಲೆ ಅಷ್ಟು ಸುಲಭಕ್ಕೆ ಹಿಡಿಯುತ್ತಿರಲಿಲ್ಲವಂತೆ. ಇಂಥ ಮಾತೆಲ್ಲ ಕೆಲಸ ಮುಗಿದ ಮೇಲೇ ಕಿವಿಗೆ ಬೀಳುವುದು.

ಕೊನೆಗೆ ಆ ಟೈಲ್ಸ್ ಬದಲಿಸುವುದೇ ಅಂತಾಯಿತು. ಎರಡನೇ ಸಲ ಓದಿಕೊಂಡು ಹೊರಟೆ. ಜಾರುವುದಕ್ಕೂ ಅಂಕ ಇದೆಯಂತೆ, ಆರ್-9ರಿಂದ ಆರ್-13ರವರೆಗೆ. ಅಂಕ ಏರಿದಷ್ಟೂ ಹಿಡಿತ ಹೆಚ್ಚು. ಎಣ್ಣೆ ಸುರಿದ ಇಳಿಜಾರಿನ ಮೇಲೆ ಮನುಷ್ಯನನ್ನು ನಡೆಸಿ, ಎಷ್ಟು ಓರೆಯಾದಾಗ ಜಾರುತ್ತಾನೆ ಅಂತ ಅಳೆದು ಕೊಡುವ ಅಂಕ ಅದು. ನಮ್ಮಲ್ಲಿ ಆ ಪರೀಕ್ಷೆ ಸಮತಟ್ಟಿನಲ್ಲೇ ಮುಗಿದಿತ್ತು. ಇನ್ನು ಮೇಲಿನ ಹೊಳಪು ಎಷ್ಟು ಸವೆಯುತ್ತದೆ ಅನ್ನುವುದಕ್ಕೆ ಪಿಇಐ ಅಂತ ಇನ್ನೊಂದು ಅಂಕ. 5 ಅಂದರೆ ಗಟ್ಟಿಪಿಂಡ. ಕಾಲಿಗೆ ಅಂಟಿ ಬರುವ ಮರಳು ಮರಳು ಮಣ್ಣು ನೆಲಕ್ಕೆ ಉಪ್ಪುಕಾಗದ ತಿಕ್ಕಿದ ಹಾಗೆಯೇ.

ತಂಗಿ ಫೋನಿನಲ್ಲಿ, “ಅಣ್ಣಾ, ವುಡನ್ ಫ್ಲೋರಿಂಗ್ ಹಾಕ್ಸು” ಅಂದಳು. ಅವಳು ಹೇಳುವ ಲ್ಯಾಮಿನೇಟಿನ ಒಳಗಿರುವುದು ಮರದ ಪುಡಿ ಒತ್ತಿದ ಹಲಗೆ. ನೀರು ಕುಡಿದರೆ ಉಬ್ಬುತ್ತದೆ. ಜೂನ್ ಬಂದರೆ ನಮ್ಮನೆ ಬಾಗಿಲುಗಳೇ ಉಬ್ಬಿ, ಹಾಕಿದ್ದು ತೆಗೆಯಲಾಗದೆ ಬಚ್ಚಲಲ್ಲಿ ಸಿಕ್ಕಿಹಾಕಿಕೊಂಡವರಿದ್ದೇವೆ.

ಈ ಸಲ ಅಂಗಡಿಯಲ್ಲಿ ನಾನೇ ನೀರು ಕೇಳಿದೆ. ಶೂ, ಸಾಕ್ಸ್ ಬಿಚ್ಚಿ, ಪ್ಯಾಂಟು ಮಡಚಿ, ಒದ್ದೆ ಮಾಡಿದ ನಾಲ್ಕು ತುಂಡುಗಳ ಮೇಲೆ ಒಂದೊಂದೇ ಕಾಲಿಟ್ಟು ಹಿಮ್ಮಡಿ ತಿರುವಿ ನೋಡಿದೆ. ಹುಡುಗನ ಮುಖ ನೋಡಬೇಕಿತ್ತು. ಅಪ್ಪಯ್ಯ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಾ, “ಸುಮ್ನಿರಾ ಮಾರಾಯ, ಜನ ನೋಡ್ತಾರೆ” ಅಂದರು.

ಬೆಂಕಿಯಲ್ಲಿ ಸುಟ್ಟು ಒರಟು ಮಾಡಿದ ಗ್ರಾನೈಟ್ ಒಳ್ಳೆಯ ಹಿಡಿತ ಕೊಟ್ಟಿತು. ಆದರೆ ಅಮ್ಮ ತಂದಿದ್ದ ಒರೆಸುವ ಬಟ್ಟೆಯ ನೂಲನ್ನೂ ಅಷ್ಟೇ ಚೆನ್ನಾಗಿ ಹಿಡಿಯಿತು. ಅದನ್ನು ಮೆಟ್ಟಿಲಿಗೆ ಅಂತ ಇಟ್ಟೆವು. ಜಗಲಿಗೆ ತಂದದ್ದು ಮಣ್ಣಿನ ಬಣ್ಣದ, ಹೊಳಪಿಲ್ಲದ ಫುಲ್ ಬಾಡಿ ವಿಟ್ರಿಫೈಡ್. ಮೇಲಿನಿಂದ ಕೆಳಗಿನವರೆಗೂ ಒಂದೇ ಬಣ್ಣ, ಚೂರು ಎದ್ದರೂ ಬಿಳಿ ಹಲ್ಲು ಕಿಸಿಯುವುದಿಲ್ಲ. ಸಂದಿಗೆ ಎಪಾಕ್ಸಿ.

ಈ ಆರಿದ್ರಾಕ್ಕೆ ಭಾವ ಮತ್ತೆ ಹಲಸಿನಹಣ್ಣು ತಂದರು. ಮೆಟ್ಟಿಲಲ್ಲೇ ನಿಂತು, ಮೊದಲು ಹೆಬ್ಬೆರಳು ಊರಿ ನೋಡಿ, ಆಮೇಲೆ ಹತ್ತಿದರು. ಕಾಳನೂ ಅವರ ಹಿಂದೆ ಹತ್ತಿದ. ಯಾರೂ ಜಾರಲಿಲ್ಲ. ಜಾರುವುದಾದರೂ ಹೇಗೆ? ಜಗಲಿ ತುಂಬ ಹನ್ನೊಂದು ಗೋಣಿಚೀಲ ಹಾಸಿತ್ತು.

“ಇನ್ನೆಂತಕ್ಕೆ ಅಮ್ಮ ಇದು?” ಅಂದೆ.

“ಅಷ್ಟು ದುಡ್ಡು ಕೊಟ್ಟು ಹಾಕ್ಸಿದಿ,” ಅಂದರು ಅಮ್ಮ, “ಕೆಸರು ಕಾಲಲ್ಲಿ ತುಳಿದು ಹಾಳಾಗ್ದೆ ಇರ್ಲಿ ಅಂತ.”