ಹಿರಿಯರು ನಮಗೆ ಹೆದರದೆ ಫೋನ್ ಮಾಡುವಂತಿರಬೇಕು

ಮಂಡಿಯಲ್ಲಿ ಅಡಿಕೆಯ ಲೆಕ್ಕ ಚುಕ್ತಾ ಆದಾಗ ಮಲೆನಾಡಿನ ಎಷ್ಟೋ ಹಿರಿಯರ ಖಾತೆಗೆ ವರ್ಷದ ಆದಾಯದ ದೊಡ್ಡ ಪಾಲು ಒಮ್ಮೆಲೇ ಬಂದು ಬೀಳುತ್ತದೆ. ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ, ಪಕ್ಕದ ಮನೆ ತೋಟದ ಆಚೆಗಿರುತ್ತದೆ, ಮಕ್ಕಳೇ ಕೊಡಿಸಿದ ಫೋನಿನಲ್ಲಿ ಅದೇ ಖಾತೆಗೆ ಜೋಡಿಸಿದ ಯುಪಿಐ ಇರುತ್ತದೆ.

ಸಾಗರದ ಕಡೆಯ ನಮ್ಮ ಚಿಕ್ಕಪ್ಪನಿಗೆ ಮುಂಬೈ ಪೊಲೀಸರೆಂದು ಹೇಳಿಕೊಂಡವರು ವಿಡಿಯೋ ಕರೆ ಮಾಡಿದ್ದರು. ನಿಮ್ಮ ಆಧಾರ್ ಬಳಸಿ ಅಕ್ರಮ ಹಣ ಸಾಗಿಸಲಾಗಿದೆ, ವಿಚಾರಣೆ ಮುಗಿಯುವವರೆಗೆ ಕರೆ ಕಡಿಯುವಂತಿಲ್ಲ, ಮನೆಯವರಿಗೂ ತಿಳಿಸುವಂತಿಲ್ಲ ಎಂದು ಖಾಕಿ ತೊಟ್ಟವನೊಬ್ಬ ಹಿಂದಿಯಲ್ಲಿ ಗದರಿಸಿದನಂತೆ. ಊಟಕ್ಕೂ ಏಳದೆ ಉಪ್ಪರಿಗೆಯಲ್ಲಿ ಕದ ಹಾಕಿಕೊಂಡು ಕುಳಿತಿದ್ದವರು ಕೆಳಗಿಳಿದು ಬಂದು ಪಾಸ್‌ಬುಕ್ ಹುಡುಕತೊಡಗಿದಾಗ ಚಿಕ್ಕಮ್ಮನಿಗೆ ಅನುಮಾನ ಬಂದು, ಫೋನನ್ನೇ ಕಿತ್ತುಕೊಂಡು ಸ್ವಿಚ್ ಆಫ್ ಮಾಡಿದ್ದರಿಂದ ಹಣ ಉಳಿಯಿತು. "ನಿಂಗಾದ್ರೂ ಫೋನ್ ಮಾಡ್ಬಹುದಿತ್ತು, ಹುಡುಗ್ರಿಗೆ ಗೊತ್ತಾದ್ರೆ ಬೈತಾರೆ ಅಂತ ಹೆದ್ರಿಕೆ ಆತು ಮಾರಾಯ" ಎಂದು ಚಿಕ್ಕಪ್ಪ ಆಮೇಲೆ ನನ್ನೊಡನೆ ಹೇಳಿಕೊಂಡರು.

ಹೀಗೆ ವಿಡಿಯೋ ಕರೆಯಲ್ಲೇ ಬಂಧನದಲ್ಲಿದ್ದೀರಿ ಎಂದು ಹೆದರಿಸಿ ಕೂರಿಸುವ ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲವೆಂದು ಪ್ರಧಾನಿಯವರು 2024ರ ಅಕ್ಟೋಬರ್‌ನ 'ಮನ್ ಕೀ ಬಾತ್'ನಲ್ಲಿಯೇ ಹೇಳಿದ್ದರು, ಪತ್ರಿಕೆಗಳೂ ಬರೆದಿವೆ. ದಿನವೂ ಪತ್ರಿಕೆ ಓದುವ ಚಿಕ್ಕಪ್ಪನಿಗೆ ಇದು ತಿಳಿಯದ ಸಂಗತಿಯಲ್ಲ. ಆದರೆ ಹೆದರಿಸಿ, ಅವಸರಪಡಿಸಿ, ಯಾರಿಗೂ ಹೇಳಬೇಡಿ ಎಂದು ಒಂಟಿಯಾಗಿಸುವುದೇ ವಂಚಕರ ಇಡೀ ಉಪಾಯವಾಗಿರುವಾಗ, "ಅಷ್ಟೂ ಗೊತ್ತಾಗಲ್ವಾ ನಿಮಗೆ" ಎಂದು ಸಣ್ಣಪುಟ್ಟದಕ್ಕೆಲ್ಲ ರೇಗುವ ನಾವು ಆ ಕೆಲಸವನ್ನು ಅವರಿಗೆ ಅರ್ಧ ಮಾಡಿಕೊಟ್ಟಿರುತ್ತೇವೆ. ಪೆದ್ದು ಪ್ರಶ್ನೆ ಎನಿಸಿದರೂ, ಕಚೇರಿಯ ಮೀಟಿಂಗ್ ನಡುವೆಯೇ ಬಂದರೂ, ಅಪ್ಪ ಅಮ್ಮನ ಅಂಥ ಕರೆಗೆ ಸಮಾಧಾನದಿಂದ ಉತ್ತರಿಸುವುದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸವೆಂದು ನಾನು ದೃಢವಾಗಿ ನಂಬುತ್ತೇನೆ.

ಊರಿಗೆ ಹೋದಾಗ ಮಾಡಬೇಕಾದದ್ದೂ ಇದೆ. ಅಡಿಕೆಯ ಹಣ ಬೀಳುವ ಖಾತೆಯನ್ನು ಫೋನಿನಿಂದ ಪೂರ್ತಿ ಬಿಡಿಸಿ, ಕರೆಂಟ್ ಬಿಲ್ಲಿಗೂ ದಿನಸಿಗೂ ಸಾಕಾಗುವಷ್ಟು ಮಾತ್ರ ಇರುವ ಬೇರೊಂದು ಖಾತೆಯನ್ನು ಯುಪಿಐಗೆ ಜೋಡಿಸಿಡಬೇಕು. ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ, ಹಣ ಬರುತ್ತದೆಂದು ಹೇಳಿ ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದರ್ಥ ಎಂಬುದನ್ನು ಹತ್ತು ರೂಪಾಯಿ ಕಳಿಸಿ, ತರಿಸಿ ಕಣ್ಣೆದುರೇ ತೋರಿಸಬೇಕು. ಮದುವೆ ಕರೆಯೋಲೆ, ಗಾಡಿಯ ದಂಡ, ಸಬ್ಸಿಡಿ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಒಮ್ಮೆ ಇನ್‌ಸ್ಟಾಲ್ ಆದರೆ ಓಟಿಪಿಯ ಮೆಸೇಜುಗಳೂ ವಂಚಕರ ಕೈಗೆ ಸಿಗಬಹುದಾದ್ದರಿಂದ ಅದನ್ನು ಮುಟ್ಟಲೇಬಾರದು.

ಇಷ್ಟಾದರೂ ಹಣ ಹೋದರೆ, ಆ ಗಳಿಗೆಯಲ್ಲಿ ತಪ್ಪು ಯಾರದೆಂದು ವಿಚಾರಿಸುತ್ತ ಕೂರಬಾರದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಲೇ ಇರುತ್ತದೆ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದನ್ನು ನಡುವೆ ತಡೆಹಿಡಿಯುವ ಅವಕಾಶ ಇರುತ್ತದೆ. ಬ್ಯಾಂಕಿಗೂ ಆಗಲೇ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಂಡು, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆಗೆ ಹೋಗುವಾಗ ಹಿರಿಯರ ಜೊತೆಗೆ ಮನೆಯವರೊಬ್ಬರು ಇರಲೇಬೇಕು.